ಬಸವನಹುಳುವಿನ ಹಾಡಿಗೆ ನಿಂತ ರಾಗಿ ಮಿಲ್ಲು

1969ರ ಫೆಬ್ರವರಿಯ ಒಂದು ಸಂತೆ ದಿನ, ದೀಪ ಹಚ್ಚುವ ಹೊತ್ತಿಗೆ, ಚಿಂತಾಮಣಿಯ ಒಂದು ರಾಗಿ ಮಿಲ್ಲನ್ನು ಇಂಗ್ಲಿಷ್ ಹಾಡು ಕೇಳುವ ಸಲುವಾಗಿ ನಿಲ್ಲಿಸಲಾಯಿತು. ಆಗ ಮಿಲ್ಲಿನ ಮುಂದೆ ರಾಗಿ ಚೀಲ ಇಟ್ಟುಕೊಂಡ ಹಳ್ಳಿಯ ಜನ ಸಾಲುಗಟ್ಟಿದ್ದರು. ಹಾಡು ಒಂದು ಬಸವನಹುಳುವನ್ನು ಕುರಿತದ್ದು. ಅದು ತಲೆಗೆ ಟೋಪಿ ಇಟ್ಟುಕೊಂಡು, ತೋಟದ ಆಚೆ ತುದಿಯಲ್ಲಿರುವ ಸೋದರತ್ತೆಯ ಮನೆಗೆ ಚಹಾ ಕುಡಿಯಲು ಹೊರಟಿತ್ತು.

ನಮ್ಮ ಧಾರವಾಡದ ಓದುಗರು ಇದನ್ನು ಗಾಳಿಸುದ್ದಿ ಎಂದುಕೊಳ್ಳಬಾರದು. ನಾನು ಅಲ್ಲೇ ಇದ್ದೆ. ರೇಡಿಯೋ ನನ್ನದು.

ಬೆಂಗಳೂರಿನ ದಿನಪತ್ರಿಕೆಯೊಂದು ನನ್ನನ್ನು ಈ ಸೀಮೆಗೆ ವರದಿಗಾರನಾಗಿ ಕಳಿಸಿ ಎರಡು ವರ್ಷ ದಾಟಿದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ ನನ್ನ ಪಾಲಿಗೆ ಬಂದ ತಾಲ್ಲೂಕುಗಳು. ಬಂದದ್ದು ಸಣ್ಣ ರೈಲಿನಲ್ಲಿ. ನಂದಿಯ ಬಳಿ ಒಬ್ಬ ಹೆಂಗಸು ಕೆಳಗಿಳಿದು, ಬೇಲಿಯಾಚೆಯವರಿಗೆ ಏನನ್ನೋ ಕೊಟ್ಟು, ಮತ್ತೆ ಅದೇ ಡಬ್ಬಿಗೆ ಹತ್ತಿದಳು. ನಮ್ಮ ಕಡೆ ರೈಲು ಹಿಡಿಯಲು ಓಡಬೇಕು. ಇಲ್ಲಿ ರೈಲೇ ಜನಕ್ಕೆ ಕಾಯುತ್ತದೆ ಎಂದು ಆ ದಿನವೇ ಗುರುತು ಹಾಕಿಕೊಂಡೆ. ಅದನ್ನು ಹೊಗಳಿಕೆ ಎಂದು ಬರೆದುಕೊಂಡಿರಲಿಲ್ಲ.

ಮನೆ ಸಿಕ್ಕಿದ್ದು ಚಿಂತಾಮಣಿಯ ಮುನಿಯಮ್ಮನವರಲ್ಲಿ. ಊರಂಚಿನಲ್ಲಿ ಹಿಪ್ಪುನೇರಳೆ ತೋಟವಿರುವ ಒಕ್ಕಲು ಮನೆತನ. ಹಿಂದಿನ ಅಂಕಣದಲ್ಲಿ ರೇಷ್ಮೆ ಹುಳು ಸಾಕುತ್ತಾರೆ, ಮುಂದಿನ ಕೋಣೆ ಬಾಡಿಗೆಗೆ. ಕರಾರು ಒಂದೇ.

"ಹುಳ ಜ್ವರಕ್ಕೆ ಕೂತಾಗ ಒಗ್ಗರಣೆ ಹಾಕಂಗಿಲ್ಲ, ಊದ್ಬತ್ತಿ ಹಚ್ಚಂಗಿಲ್ಲ, ಬೀಡಿ ಸೇದಂಗಿಲ್ಲ. ಆಗ್ತದಾ?"

ರೇಷ್ಮೆ ಹುಳು ಪೊರೆ ಬಿಡುವ ಮುನ್ನ ಮೇವು ಬಿಟ್ಟು, ತಲೆ ಮೇಲೆತ್ತಿ, ಅಲ್ಲಾಡದೆ ಕೂರುತ್ತದೆ. ಇಲ್ಲಿಯವರು ಅದಕ್ಕೆ ಜ್ವರ ಎನ್ನುತ್ತಾರೆ. ಒಂದು ಬೆಳೆಯಲ್ಲಿ ಹುಳು ನಾಲ್ಕು ಸಲ ಹಾಗೆ ಕೂತು ಏಳುತ್ತದೆ. ಪ್ರತಿ ಸಲವೂ ಮನೆಯವರೆಲ್ಲ ಪಿಸುಮಾತಿಗೆ ಇಳಿಯುತ್ತಾರೆ. ಬೆಳ್ಳುಳ್ಳಿ ಚಟ್ನಿಯಿಲ್ಲದೆ ಊಟ ಸೇರದ ನಾನು ಆ ದಿನಗಳಲ್ಲಿ ಮೊಸರನ್ನ ಉಂಡೆ.

ಉಳಿದ ದಿನ ಮುದ್ದೆ. ಮೊದಲ ಸಲ ಅದನ್ನು ಅಗಿಯುತ್ತ ಕೂತಿದ್ದವನನ್ನು ಮುನಿಯಮ್ಮ ನೋಡಿದರು. "ಅಯ್ಯೋ, ನುಂಗಪ್ಪ. ಅದೇನು ಕಡ್ಲೆಕಾಯಾ?" ನಾವು ಗೌರವಕ್ಕೆ ಮಾತಿನ ಕೊನೆಗೆ 'ರೀ' ಹಚ್ಚುತ್ತೇವೆ. ಇಲ್ಲಿ ಅಕ್ಕರೆಗೆ ಅಪ್ಪ, ಅಮ್ಮ ಹಚ್ಚುತ್ತಾರೆ. ತೊಟ್ಟಿಲ ಕೂಸನ್ನೂ "ಯಾಕಪ್ಪ ಅಳ್ತೀಯ" ಎಂದು ಕೇಳುತ್ತಾರೆ. ಪೇಪರಿನವನಾದ ನಾನು ವಾರದೊಳಗೆ ಪೇಪರಪ್ಪನಾದೆ. ಬೀದಿಯಲ್ಲಿ ಕನ್ನಡದಲ್ಲಿ ಶುರುವಾದ ಮಾತು ಹೊಸ್ತಿಲು ದಾಟುವಾಗ ತೆಲುಗಾಗುತ್ತದೆ, ಮಿಲ್ಲಿನ ಬಳಿ ಉರ್ದುವಾಗುತ್ತದೆ. "ಏಮಪ್ಪಾ, ತಿಂಟಿವಾ?" ಎಂದರೆ ಊಟವಾಯಿತೇ ಎಂದರ್ಥ. ಉತ್ತರ ಯಾವ ಭಾಷೆಯಲ್ಲಿ ಕೊಟ್ಟರೂ ನಡೆಯುತ್ತದೆ, ಕೊಡದಿದ್ದರೆ ನಡೆಯುವುದಿಲ್ಲ.

ಇಷ್ಟಾದರೂ ಸಂಜೆಗಳು ಕಷ್ಟವಾಗಿದ್ದವು. ಸಿತಾರು, ತಬಲಾ ಇಲ್ಲದ ಸಂಜೆ ಎಂದರೆ ಏನೆಂದು ಧಾರವಾಡದವರಿಗೆ ಬಿಡಿಸಿ ಹೇಳಬೇಕಿಲ್ಲ. ಸುದ್ದಿ ಕೇಳುವುದು ವೃತ್ತಿಗೆ ಬೇಕೆಂಬ ನೆಪದಲ್ಲಿ ಹಳೆಯದೊಂದು ಬ್ಯಾಟರಿ ರೇಡಿಯೋ ಕೊಂಡೆ. ನಿಜಕ್ಕೂ ಹುಡುಕುತ್ತಿದ್ದುದು ನಮ್ಮೂರಿನ ಬಾನುಲಿಯನ್ನು. ಅದು ಇಲ್ಲಿಗೆ ಮುಟ್ಟುವುದಿಲ್ಲ. ಮುಟ್ಟಿದ್ದರೂ ಕೇಳುತ್ತಿರಲಿಲ್ಲ. ಗೋಡೆಯಾಚೆಗೆ ಪ್ಯಾರೇಜಾನ್ ಸಾಬರ ರಾಗಿ ಮಿಲ್ಲು. ಅದರ ಕರೆಂಟ್ ಮೋಟಾರ್ ತಿರುಗುವಷ್ಟು ಹೊತ್ತೂ ರೇಡಿಯೋದಲ್ಲಿ ಬರೀ ಗರಗರ.

ಕಳೆದ ಮಳೆಗಾಲದ ಒಂದು ಸಂಜೆ ಊರಿನ ಕರೆಂಟ್ ಹೋಯಿತು. ಮಿಲ್ಲು ನಿಂತಿತು. ಬ್ಯಾಟರಿಯ ರೇಡಿಯೋ ಒಮ್ಮೆಲೇ ತಿಳಿಯಾಯಿತು. ಧಾರವಾಡದ ಬಾನುಲಿಗಾಗಿ ತಿರುಪು ತಿರುಗಿಸುತ್ತಿದ್ದವನಿಗೆ ಲಂಡನ್ನಿನ ಕೇಂದ್ರ ಸಿಕ್ಕಿತು. ಇಗರ್ಜಿಯಲ್ಲಿ ನುಡಿಸುವಂಥ ಆರ್ಗನ್ನು, ಅದರ ಮೇಲೆ ಕೊಳಲು, ಮಂಜಿನೊಳಗಿಂದ ಬಂದಂತೆ ಪಿಟೀಲುಗಳ ಹಿಂಡು. ಒಬ್ಬ ಯುವಕ ಶಾಲೆಯ ಪದ್ಯ ಒಪ್ಪಿಸುವಷ್ಟು ಗಂಭೀರವಾಗಿ ಬಸವನಹುಳುವಿನ ಕಥೆ ಹಾಡುತ್ತಿದ್ದ. ದಾರಿಯಲ್ಲಿ ಅದಕ್ಕೆ ಕೊಡೆ ರಿಪೇರಿಯ ಜೇಡ ಸಿಗುತ್ತದೆ, ಮಳೆ ಬರುವುದೋ ಇಲ್ಲವೋ ಎಂದು ಇಬ್ಬರೂ ವಿನಯದಿಂದ ಜಗಳವಾಡುತ್ತಾರೆ. ಅಲ್ಲಿ ತಾಳ ಬದಲಾಯಿತು. ಬೆರಳಲ್ಲಿ ಎಣಿಸಿದೆ. ಏಳು ಮಾತ್ರೆ. ನಮ್ಮ ಕಡೆಯ ಹಿಂದೂಸ್ತಾನಿ ರೂಪಕ ತಾಳಕ್ಕೂ ಏಳೇ ಮಾತ್ರೆ. ಮತ್ತೊಮ್ಮೆ ಎಣಿಸುತ್ತಿರುವಾಗ ಕರೆಂಟ್ ಬಂತು, ಮಿಲ್ಲು ಶುರುವಾಯಿತು, ಹಾಡು ಗರಗರದಲ್ಲಿ ಮುಳುಗಿತು.

ಇಂಥ ಹಾಡುಗಳಿಗೆ 'ಪ್ರೋಗ್ರೆಸಿವ್' ಎಂಬ ಹೆಸರಿದೆಯೆಂದು ಮುಂದೆ ಲಂಡನ್ ರೇಡಿಯೋದ ನಿರೂಪಕನ ಮಾತಿನಿಂದ ತಿಳಿಯಿತು. ಮುಂದೆ ಸಾಗುವಂಥದು ಎಂದರ್ಥ. ಹಾಡಿನ ನಾಯಕ ಬಸವನಹುಳು. ವಿಲಂಬಿತದಿಂದ ದ್ರುತಕ್ಕೆ ನಿಧಾನವಾಗಿ ಏರುವ ಖಯಾಲು ಕೇಳಿ ಬೆಳೆದವನಿಗೆ ಹಾಡಿನ ಉದ್ದ ಹೊಸದಲ್ಲ. ಇಷ್ಟು ಶ್ರದ್ಧೆಯನ್ನು ಇಷ್ಟು ಚಿಕ್ಕ ತಮಾಷೆಗೆ ಸುರಿಯುವುದು ಹೊಸದು.

ಮರುದಿನ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತ ಕೂತಿದ್ದ ಮುನಿಯಮ್ಮನವರಿಗೆ ಕಥೆ ಹೇಳಿದೆ.

"ಆಮೇಲೆ?" ಎಂದರು.

"ಗೊತ್ತಿಲ್ರಿ. ಮಿಲ್ಲು ಸುರು ಆತು."

ಕತ್ತಿ ನಿಂತಿತು. "ಹುಳ ಅತ್ತೆ ಮನೆಗೆ ಹೋಯ್ತೋ ಇಲ್ವೋ?"

"ಅದs ಗೊತ್ತಾಗ್ಲಿಲ್ರಿ."

"ಎಂಥಾ ಪೇಪರಪ್ಪನಪ್ಪ ನೀನು! ಅರ್ಧ ಸುದ್ದಿ ತಂದು ಹೇಳ್ತೀಯಲ್ಲ."

ಹದಿನೈದು ವರ್ಷ ಸುದ್ದಿಮನೆಯಲ್ಲಿ ಕಳೆದವನಿಗೆ ಈ ಮಾತು ತಾಗಿತು. ಸುದ್ದಿ ಪೂರ್ತಿ ಮಾಡಲೇಬೇಕಿತ್ತು. ಮುಂದಿನ ವಾರಗಳಲ್ಲಿ ರೇಡಿಯೋವನ್ನು ತೋಟಕ್ಕೆ ಹೊತ್ತೊಯ್ದು ನೋಡಿದೆ. ಸದ್ದು ತಿಳಿಯಾಗಿತ್ತು, ಆ ಹಾಡು ಬರಲಿಲ್ಲ. ಕೊನೆಗೆ ಲಂಡನ್ನಿನ ಕೇಂದ್ರಕ್ಕೆ ಕೋರಿಕೆ ಬರೆಯಲು ಕೂತೆ. ಮುನಿಯಮ್ಮ ಬಾಗಿಲಲ್ಲಿ ನಿಂತು, "ಕೇಳಿರೋದು ನಾನು. ನನ್ನ ಹೆಸರು ಹಾಕು" ಎಂದರು. ಹಾಕಿದೆ. ಚಳಿಗಾಲ ಮುಗಿಯುವ ಹೊತ್ತಿಗೆ ಉತ್ತರ ಬಂತು. ಹಾಡನ್ನು ಪೂರ್ತಿಯಾಗಿ ಹಾಕುತ್ತಾರೆ. ಅವರು ತಿಳಿಸಿದ ದಿನ ಇಲ್ಲಿ ಸಂತೆ, ವೇಳೆ ದೀಪ ಹಚ್ಚುವ ಹೊತ್ತು. ಹುಳುಗಳಿಗೂ ಆಗ ಕೊನೆಯ ಜ್ವರ, ಮುನಿಯಮ್ಮ ಮನೆ ಬಿಟ್ಟು ತೋಟಕ್ಕೆ ಬರುವಂತಿರಲಿಲ್ಲ. ರೇಡಿಯೋ ಮನೆಯಲ್ಲೇ ಹಾಡಬೇಕಿತ್ತು, ಮಿಲ್ಲು ನಿಲ್ಲಬೇಕಿತ್ತು.

ಮುನಿಯಮ್ಮನವರೊಂದಿಗೆ ಕೇಳಲು ಹೋದಾಗ ಪ್ಯಾರೇಜಾನ್ ಸಾಬರು ಮೈಯೆಲ್ಲ ಹಿಟ್ಟು ಹಚ್ಚಿಕೊಂಡು ಕೂತಿದ್ದರು.

"ಸಂತೆ ದಿನಾನಾ? ಪೇಪರ್ ಸಾಬ್, ಮದುವೆಗೆ ನಿಲ್ಲಿಸಿದೀನಿ, ಸತ್ತೋರ ಮಯ್ಯತ್‌ಗೆ ನಿಲ್ಲಿಸಿದೀನಿ. ಹುಳದ ಹಾಡ್ಗೆ ಎಲ್ಲಾದ್ರೂ ಮಿಲ್ಲು ನಿಲ್ಲಿಸ್ತಾರಾ?"

ಮುನಿಯಮ್ಮ ಮುಂದೆ ಬಂದರು. "ದೀಪ ಹಚ್ಚೋ ಹೊತ್ತಲ್ಲಿ ನೀನು ಏನ್ ಮಾಡ್ತೀಯ ಸಾಬಣ್ಣ?"

"ನಮಾಜ್‌ಗೆ ಹೋಗ್ತೀನಿ. ನಾನ್ ಹೋಗ್ತೀನಮ್ಮ, ಮಿಶನ್ ಹೋಗಲ್ಲ."

"ಮಿಶನ್ನೂ ಒಂದು ದಿನ ದೇವರನ್ನ ನೆನೀಲಿ ಬಿಡು. ನಾವು ದೀಪ ಹಚ್ಚೋ ಹೊತ್ತಲ್ಲಿ ಬೀಸೋ ಕಲ್ಲು ಮುಟ್ಟಲ್ಲ. ನಿನ್ನ ಮಿಲ್ಲು ಬಂದ ಮೇಲೆ ಆ ಶಾಸ್ತ್ರ ಎಲ್ಲಾ ಹಾಳಾಗೋಯ್ತು."

ಅಂಥ ಶಾಸ್ತ್ರ ಇದೆಯೋ ಇಲ್ಲವೋ ನಾನು ವಿಚಾರಿಸಿಲ್ಲ. ಸಾಬರು ಗಲ್ಲದ ಹಿಟ್ಟು ಒರೆಸಿಕೊಂಡರು. "ಸರಿ. ಒಂದು ಹಾಡು. ಮುಗಿದ್ ತಕ್ಷಣ ಮೋಟಾರ್ ಹಾಕ್ತೀನಿ. ಹಳ್ಳಿ ಜನಕ್ಕೆ ಕೊನೇ ಬಸ್ಸು ಐತೆ."

ಸಂತೆಯ ದಿನ ಸಾಬರು ನಮಾಜು ಮುಗಿಸಿ ಬೇಗ ಬಂದರು. ರೇಡಿಯೋವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟೆ. ಒಳಗಿನ ಹುಳುಗಳಿಗೆ ಗದ್ದಲವಾಗದಿರಲೆಂದು ಮುನಿಯಮ್ಮ ನಡುಬಾಗಿಲಿಗೆ ಕಂಬಳಿ ಇಳಿಬಿಟ್ಟಿದ್ದರು. ಮೋಟಾರ್ ನಿಂತಿತು. ಏನಾಯಿತೆಂದು ನೋಡಲು ಚೀಲದ ಜನ ಜಗಲಿಗೆ ಬಂದು ಕೂತರು.

ನಿರೂಪಕನ ಮಾತನ್ನು ನಾನು ಅಲ್ಲೇ ಕನ್ನಡದಲ್ಲಿ ಹೇಳಿದೆ. ಮೈಸೂರು ರಾಜ್ಯದ ಚಿಂತಾಮಣಿಯಿಂದ ಮುನಿಯಮ್ಮ ಎಂಬುವರು ಕೇಳಿದ್ದಾರೆ, ಬಸವನಹುಳು ತಲುಪಿತೇ ಎಂದು. ಇಗೋ, ಅವರಿಗಾಗಿ ಪೂರ್ತಿ ಹಾಡು.

"ನಮ್ಮೂರ್ ಹೆಸರು ಅಂದ್ರು ಕಣೋ!" ಎಂದು ಜಗಲಿಯಿಂದ ಯಾರೋ ಕೂಗಿದರು. ಮುನಿಯಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನೆಟ್ಟಗೆ ಕೂತರು.

"ಮಿಲ್ಲಿನ ಹೆಸರು ಅಂದ್ರಾ?" ಎಂದರು ಸಾಬರು.

ಆರ್ಗನ್ನು ಬಂತು, ಜೇಡ ಬಂತು, ಏಳು ಮಾತ್ರೆಯ ಜಗಳ ಬಂತು. ನಾನು ಸಾಲುಸಾಲಿಗೆ ಅರ್ಥ ಹೇಳುತ್ತಿದ್ದೆ. ತೋಟದ ನಡುವಿನ ಕಲ್ಲುಬೆಂಚಿನ ಹತ್ತಿರ ಬಸವನಹುಳು ದಣಿದು ಚಿಪ್ಪಿನೊಳಗೆ ಸೇರಿತು. ಕೊಳಲು ನಿಂತಿತು, ಆರ್ಗನ್ನು ನಿಂತಿತು. ಏನೂ ಕೇಳಿಸಲಿಲ್ಲ.

"ಆಯ್ತಲ್ಲ," ಎಂದು ಸಾಬರು ಎದ್ದು ಮಿಲ್ಲಿನ ಬಾಗಿಲೊಳಗೆ ಕಾಣುತ್ತಿದ್ದ ಆಳಿಗೆ ಕೈ ಎತ್ತಿದರು. ಆಳು ಮೋಟಾರಿನ ಗುಂಡಿಗೆ ಕೈ ಹಾಕಿದ. ನನಗೂ ಮುಗಿಯಿತೆಂದೇ ಅನಿಸಿತು. ಸುದ್ದಿ ಮತ್ತೆ ಅರ್ಧವೇ ಆಯಿತು.

"ಏ, ಮುಟ್ಟಬೇಡವೋ!" ಎಂದು ಮುನಿಯಮ್ಮ ಕೂಗಿದರು. ಹುಳುಮನೆಯ ಬಾಗಿಲಲ್ಲಿ ಅಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಹುಳ ಇನ್ನೂ ದಾರೀಲೇ ಐತೆ, ಹೆಂಗ್ ಮುಗೀತದೆ? ಜ್ವರಕ್ಕೆ ಕೂತೈತೆ ಕಣಪ್ಪ. ಏಳ್ತದೆ, ತಾಳು."

ಜಗಲಿಯ ಮೇಲಿದ್ದವರಲ್ಲಿ ಹುಳು ಸಾಕದವರು ಕಡಿಮೆ. ಎಲ್ಲರೂ ರೇಡಿಯೋ ಕಡೆಗೆ ಬಾಗಿದರು. ಆಳಿನ ಕೈ ಗುಂಡಿಯ ಹತ್ತಿರವೇ ಇತ್ತು. ಎಳೆಯಂಥ ಒಂದು ಸ್ವರ ಬಂತು. ಅದರ ಹಿಂದೆ ಸಣ್ಣ ಮಳೆಯಂಥ ಸದ್ದು. ಜ್ವರ ಎದ್ದ ಹುಳುಗಳು ಹೊಸ ಸೊಪ್ಪಿಗೆ ಬಾಯಿ ಹಾಕಿದಾಗ ಈ ಮನೆಯಲ್ಲಿ ಕೇಳುವ ಸದ್ದು ಹಾಗೆಯೇ ಇರುತ್ತದೆ. ಬಸವನಹುಳು ಎದ್ದಿತು.

"ನೋಡ್ದಾ?" ಎಂದರು ಮುನಿಯಮ್ಮ.

ಮುಂದಿನ ವರದಿ ಇಷ್ಟು. ಬೇಸಿಗೆಯಲ್ಲಿ ಹೊರಟ ಬಸವನಹುಳು ಚಳಿಗಾಲದಲ್ಲಿ ತಲುಪುತ್ತದೆ. ಅತ್ತೆಯ ಮನೆಗೆ ಬೀಗ. ಪಕ್ಕದ ಮನೆಯ ಪಾದ್ರಿ ಹೇಳುತ್ತಾನೆ: ನೀನು ಬರಲಿಲ್ಲವೆಂದು ಆಕೆಯೇ ನಿನ್ನ ಮನೆ ಹುಡುಕಿಕೊಂಡು ಹೋದಳಲ್ಲ! ಬಸವನಹುಳು ಕತ್ತು ತಿರುಗಿಸಿ ತನ್ನ ಬೆನ್ನನ್ನು ನೋಡಿಕೊಳ್ಳುತ್ತದೆ. ಮಕ್ಕಳ ಮೇಳ ಹಾಡುತ್ತದೆ, ಹಾಡು ಮುಗಿಯುತ್ತದೆ.

"ಹುಳ ತಲುಪ್ತಲ್ಲ, ಅಷ್ಟು ಸಾಕು," ಎಂದರು ಮುನಿಯಮ್ಮ. "ಆವಮ್ಮ ಒಂದು ಮಾತು ಹೇಳಿ ಕಳಿಸಿ ಹೋಗಬಾರ್ದಿತ್ತಾ?"

"ಮನೆ ಬೆನ್ನ ಮ್ಯಾಲೇ ಹೊತ್ಕೊಂಡು ತಿರುಗೋನಿಗೆ ಬಾಡಿಗೆಯಾದ್ರೂ ಉಳೀತು," ಎಂದು ಸಾಬರು ನನ್ನನ್ನು ನೋಡಿ ನಕ್ಕು ಮಿಲ್ಲಿಗೆ ಹೋದರು. ದೂರದ ಹಳ್ಳಿಯವರ ರಾಗಿಯನ್ನು ಮೊದಲು ಬೀಸಿಕೊಟ್ಟರು. ಬಸ್ಸು ಯಾರಿಗೂ ತಪ್ಪಲಿಲ್ಲ.

ವರದಿ ಬರೆದು ಕಚೇರಿಗೆ ಕಳಿಸಿದೆ. ಅದನ್ನು ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲಿಗೆ ಇಳಿಸಿದರು. ಊರಿನ ಹೆಸರು ಉಳಿಯಿತು, ಮುನಿಯಮ್ಮನವರ ಹೆಸರು ಉಳಿಯಿತು. ಆ ಬೆಳೆಯ ಗೂಡು ಮಾರಲು ಅವರು ಶಿಡ್ಲಘಟ್ಟಕ್ಕೆ ಹೋದಾಗ ನಾನೂ ಜೊತೆಗಿದ್ದೆ. ನೂಲು ಬಿಚ್ಚುವವನೊಬ್ಬ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತ, "ಲಂಡನ್ ರೇಡಿಯೋದಲ್ಲಿ ಬಂದ ಮುನಿಯಮ್ಮ ನೀವೇನಾ?" ಎಂದು ಕೇಳಿದ. "ನಾನೇ ಕಣಪ್ಪ, ಗೂಡು ನೋಡಿ ರೇಟು ಹೇಳು" ಎಂದರು. ಬರುವಾಗ ಬಸ್ಸಿನಲ್ಲಿ ಅವನ ಪ್ರಶ್ನೆಯನ್ನು ಇನ್ನೊಮ್ಮೆ ನನ್ನ ಬಾಯಲ್ಲಿ ಹೇಳಿಸಿದರು. ಹೇಳುವಾಗ ನನ್ನ ದನಿಯೂ ಏರಿತ್ತು. ಖಯಾಲಿನ ಊರೆಂದು ನಾವು ಧಾರವಾಡದವರು ಎದೆಯುಬ್ಬಿಸುತ್ತೇವೆ, ತಪ್ಪಿಲ್ಲ. ಆದರೆ ಸಂತೆಯ ದಿನ ಗಿರಾಕಿ ನಿಂತಿರುವಾಗ, ಗೊತ್ತಿಲ್ಲದ ಭಾಷೆಯ ಹಾಡಿನ ಕೊನೆ ತಿಳಿಯಬೇಕೆಂದು ಮಿಲ್ಲು ನಿಲ್ಲಿಸಿದ ಊರು ನನಗೆ ಗೊತ್ತಿರುವಂತೆ ಇದೊಂದೇ.

ಆ ವಾರದಿಂದ ಸಂತೆ ದಿನದ ಸಂಜೆ ಮಿಲ್ಲು ನಿಲ್ಲುತ್ತದೆ. ಎಲ್ಲ ವಾರ ಅಂಥ ಹಾಡು ಸಿಗುವುದಿಲ್ಲ. ಒಮ್ಮೆ ಪಾದ್ರಿಯ ಮನೆಯ, ಗಡಿಯಾರ ನುಂಗಿದ ಬೆಕ್ಕು ಸಿಕ್ಕಿತು, ಒಮ್ಮೆ ಹೆಣ್ಣು ನೋಡಲು ಹೊರಟ ಚಹಾದ ಕೆಟಲು. ಹಲವು ವಾರ ಬರೀ ಪ್ರೇಮಗೀತೆ. ಅವಕ್ಕೆ ಮುನಿಯಮ್ಮ ಎದ್ದು ಒಳಗೆ ಹೋಗುತ್ತಾರೆ.

ಯುಗಾದಿಗೆ ಊರಿಗೆ ಹೋಗಿದ್ದೆ. ಹೊರಡುವಾಗ ತಂಗಿಗೆ "ಬರ್ತೀನಿ ಕಣಮ್ಮ" ಎಂದೆ. ಮನೆಮಂದಿಯೆಲ್ಲ ನಕ್ಕರು. ಚಿಂತಾಮಣಿಗೆ ಬಂದು "ಬಂದೆ ನೋಡ್ರಿ" ಎಂದಾಗ ಇಲ್ಲಿ ನಕ್ಕರು.

ಬಂದ ಹೊಸದರಲ್ಲಿ ನಾನು ಹುಬ್ಬಳ್ಳಿಗೆ ವರ್ಗ ಕೇಳಿದ್ದೆ. ಕಳೆದ ವಾರ ಆದೇಶ ಬಂತು. ಯಾವಾಗ ಹೊರಡುತ್ತೇನೆಂದು ಕಚೇರಿಗೆ ಇನ್ನೂ ತಿಳಿಸಿಲ್ಲ. ರೇಡಿಯೋ ಕೆಟ್ಟಿದೆ. ರಿಪೇರಿಗೆ ಬೆಂಗಳೂರಿಗೆ ಕಳಿಸಿದ್ದೇನೆ. ಅದು ಪ್ಯಾರೇಜಾನ್ ಸಾಬರಿಗೂ ಗೊತ್ತು, ಬೀದಿಗೂ ಗೊತ್ತು. ನಿನ್ನೆ ಸಂತೆ ಇತ್ತು. ದೀಪ ಹಚ್ಚುವ ಹೊತ್ತಿಗೆ ಮಿಲ್ಲು ನಿಂತಿತು.