ಅಕ್ಕನಿಗೆ ಹುಕುಂ ಮಾಡಿದ ದಿನ

ನನ್ನ ಗಂಡನ ಅಣ್ಣನ ಹೆಂಡತಿಯನ್ನು ನಾನು ಅಕ್ಕಾ ಎನ್ನುತ್ತೇನೆ. ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಹನುಮನಹಳ್ಳಿಯ ನಮ್ಮ ಮನೆಯ ಗಂಡಸರು ಹೊಳೆಯಲ್ಲಿ ಪ್ರವಾಸಿಗರನ್ನು ಕೂಡಿಸಿಕೊಂಡು ಹರಿಗೋಲು ಹಾಕುತ್ತಾರೆ. ದನಗಳಿಗೆ ಆಚೆ ದಂಡೆಯಿಂದ ಮೇವು ತರುತ್ತ ನಾವಿಬ್ಬರೂ ಹುಟ್ಟು ಹಾಕುವುದನ್ನು ಕಲಿತಿದ್ದೆವು. ಆದರೆ ಗಿರಾಕಿ ಬಂದರೆ ಹುಟ್ಟು ಗಂಡಸರ ಕೈಗೆ. ನನಗೆ ಅದೇ ಸಿಟ್ಟು. ಮೇವಿನ ಹೊರೆ ದಾಟಿಸುವ ಕೈಗೆ ಕ್ಯಾಮೆರಾ ಹಿಡಿದ ನಾಲ್ಕು ಜನ ಭಾರವೇ?

ಒಮ್ಮೆ ಊರಿಗೆ ಬಂದಿದ್ದ ಹುಡುಗಿಯೊಬ್ಬಳು ನಮಗೆ ಫೋನಿನಲ್ಲಿ ಚೀನಾದ ದೋಣಿಗಾರನೊಬ್ಬನ ಪಂದ್ಯ ತೋರಿಸಿದಳು. ಬಿಳಿನೊರೆ ಉಕ್ಕುವ ನೀರು, ಮೇಲಿಂದ ಇಳಿಬಿಟ್ಟ ಕೋಲುಗಳು, ಅವುಗಳ ನಡುವೆ ಒಂದೇ ದೋಣಿಯಲ್ಲಿ ತೂರಿಕೊಂಡು ಹೋಗುವ ಇಬ್ಬರು. ಅವನ ಹೆಸರು ನಮ್ಮ ನಾಲಿಗೆಗೆ ಒಗ್ಗಲಿಲ್ಲ. ಯಾವಾಗಲೂ ಹಿಂದೆ ಮಂಡಿಯೂರಿ ಕೂಡುತ್ತಿದ್ದನಾದ್ದರಿಂದ ‘ಹಿಂದಿನವ’ ಎಂದೆವು. ಮೀಸೆ ಚಿಗುರದ ವಯಸ್ಸಿನಿಂದ ಮುಖ ಬಲಿಯುವವರೆಗಿನ ಅವನ ಪಂದ್ಯಗಳನ್ನೆಲ್ಲ ಹುಡುಕಿ ನೋಡಿದೆವು. ಒಮ್ಮೆಯೂ ಒಂಟಿಯಾಗಿ ಇಳಿದವನಲ್ಲ. ಆಮೇಲೆ ದೊಡ್ಡ ಕ್ರೀಡಾಕೂಟಗಳಲ್ಲಿ ಇಬ್ಬರ ಸ್ಪರ್ಧೆಯನ್ನೇ ತೆಗೆದುಬಿಟ್ಟರಂತೆ.

"ಛಲೋ ಜೋಡಿ ಬಿಡಿಸಿದ್ರಲ್ಲ," ಎಂದು ಅಕ್ಕ ಎರಡು ದಿನ ಪೇಚಾಡಿದಳು.

ಬೇಸಿಗೆಯಲ್ಲಿ ನೀರು ಇಳಿದಾಗ ಊರಿನ ಹರಿಗೋಲಿನವರು ಬಂಡೆಗಳ ನಡುವೆ ಆರು ಬಿದಿರಿನ ಗಳ ನೆಟ್ಟು, ಅವು ತಾಗದಂತೆ ದಾಟುವ ಪಂದ್ಯ ಇಟ್ಟರು. ಹರಿಗೋಲಿಗೆ ಇಬ್ಬರು. ನಾವೂ ಹೆಸರು ಕೊಟ್ಟೆವು. ಭಾವ ನಕ್ಕರು, ಬೇಡ ಎನ್ನಲಿಲ್ಲ.

"ತಳ ಹರೀದಂಗ ತಂದ್ರ ಈ ಸೀಜನ್‌ದಾಗ ನೀವೂ ಗಿರಾಕಿ ಕೂಡಿಸ್ಕೋರಿ. ಹರೀತಂದ್ರ ಮತ್ತ ಹುಟ್ಟು ಕೇಳಬ್ಯಾಡ್ರಿ."

ಹರಿಗೋಲು ದುಂಡಗಿನದು, ಬಿದಿರಿನ ಬುಟ್ಟಿಗೆ ತಾಡಪಾಲು ಹೊದಿಸಿದ್ದು. ಮುಂದೆ ಕೂತವರು ನೀರನ್ನು ತಮ್ಮ ಕಡೆಗೆ ಎಳೆಯಬೇಕು, ಹಿಂದಿನವರು ಅದು ಗಿರಕಿ ಹೊಡೆಯದಂತೆ ತಡೆಯಬೇಕು. ಹಿರಿಯಳೆಂದು ಅಕ್ಕ ಮುಂದೆ, ನಾನು ಹಿಂದೆ. ಚೀನಾದ ಹಿಂದಿನವನಾದರೋ ಮುಂದಿನವನಿಗೆ ಒಂದೇಸಮನೆ ಕೂಗಿ ಹೇಳುತ್ತಿದ್ದ. ನಾನು ಹೇಗೆ ಹೇಳಲಿ? ಅಕ್ಕ ಮಾಡಿದ ಸಾರಿಗೆ ಉಪ್ಪು ಹೆಚ್ಚಾದರೂ ಎರಡು ಲೋಟ ನೀರು ಕುಡಿದು ಸುಮ್ಮನಾಗುವ ಸೊಸೆ ನಾನು. ಅಭ್ಯಾಸದ ದಿನ ಎದುರಿಗೆ ಬಂಡೆ ಕಂಡಾಗ, "ಅಕ್ಕಾ, ಸ್ವಲ್ಪ ಎಡಕ್ಕ ತಗೊಂಡ್ರ ಛಲೋ ಆಗ್ತೈತೇನೋ ನೋಡ್ರಿ," ಎಂದೆ. ಅಷ್ಟು ಹೇಳಿ ಮುಗಿಸುವುದರೊಳಗೆ ಬಂಡೆ ನಮ್ಮ ಪಕ್ಕಕ್ಕೇ ಬಂದು ಗುದ್ದಿತ್ತು. ಪುಣ್ಯಕ್ಕೆ ತಳ ಹರಿದಿರಲಿಲ್ಲ.

ಪಂದ್ಯದ ದಿನವೂ ಅದೇ ಹಾಡು. ನಾನು ಮರ್ಯಾದೆ ಮಾಡುತ್ತಲೇ ಇದ್ದೆ, ಗಳಗಳು ತಾಗುತ್ತಲೇ ಇದ್ದವು. ದಂಡೆಯ ಮೇಲಿನವರಿಗೆ ನಗುವಿನ ಹಬ್ಬ. ಐದನೇ ಗಳ ದಾಟುತ್ತಿದ್ದಂತೆ ನೀರಿನಡಿ ಚೂಪಾದ ಕಲ್ಲೊಂದು ಕಂಡಿತು. ಸೆಳವು ನಮ್ಮನ್ನು ನೇರ ಅದರ ಮೇಲೇ ಒಯ್ಯುತ್ತಿತ್ತು. ತಳ ಹರಿದರೆ ಎಲ್ಲ ಮುಗಿದಂತೆಯೇ.

"ಬಲಕ್ಕ ಎಳಿ," ಎಂದು ಚೀರಿದೆ. "ಎಳಿಯಬೇ, ಜೋರ ಎಳಿ!"

ಅಕ್ಕ ಎಳೆದಳು. ಒಂದು ಗೇಣು ಅಂತರದಲ್ಲಿ ಕಲ್ಲು ಪಕ್ಕಕ್ಕೆ ಸರಿದುಹೋಯಿತು.

ಐದು ಜೋಡಿಗಳಲ್ಲಿ ನಾವು ನಾಲ್ಕನೆಯವರು. ಭಾವ ಹರಿಗೋಲನ್ನು ಬೋರಲು ಹಾಕಿ ತಳವನ್ನೆಲ್ಲ ಅಂಗೈಯಿಂದ ಸವರಿದರು.

"ಹರಿದಿಲ್ಲ," ಎಂದರು, ಸ್ವಲ್ಪ ನಿರಾಸೆಯಿಂದಲೇ.

ನನಗೆ ಖುಷಿಪಡಲೂ ಧೈರ್ಯ ಸಾಲಲಿಲ್ಲ. ಇಡೀ ಊರಿನೆದುರು ಹಿರಿಯಳಿಗೆ ಹುಕುಂ ಮಾಡಿದ್ದೆನಲ್ಲ. ತಲೆ ತಗ್ಗಿಸಿ ನಿಂತೆ. ಅಕ್ಕ ಸೀರೆಯ ಸೆರಗು ಹಿಂಡುತ್ತ ಪಕ್ಕಕ್ಕೆ ಬಂದಳು.

"ಮೊದಲನೇ ಗಳದಾಗ ಯಾಕ ಬಾಯಿ ಬಿಡಲಿಲ್ಲ?" ಎಂದಳು, ಮೆಲ್ಲಗೆ. "ನನಗ ದೂರದ್ದು ಭಾಳ ಮಬ್ಬ ಕಾಣ್ತೈತಿ. ಹೇಳಿದ್ರ ಹುಟ್ಟು ಕಸ್ಕೋತಾರಂತ ಸುಮ್ಮನಿದ್ದೆ. ನಿನ್ನ ಕಣ್ಣ ನಂಬ್ಕೊಂಡು ಮುಂದ ಕುಂತಿದ್ನಲ್ಲ ತಂಗಿ."

ನನಗೆ ಅಳು ಬಂತು. ಇಷ್ಟು ದಿನ ನಾನು ಮಾಡಿದ ಮರ್ಯಾದೆಯಿಂದ ಆಕೆಗೆ ಸಿಕ್ಕಿದ್ದು ಬಂಡೆಯ ಗುದ್ದುಗಳು ಮಾತ್ರ.

ಮರುದಿನವೇ ಗಂಗಾವತಿಗೆ ಹೋಗಿ ಚಸ್ಮಾ ಮಾಡಿಸಿದೆವು. ಈಗ ಅಕ್ಕನಿಗೆ ಹೊಳೆಯ ಒಂದೊಂದು ಬಂಡೆಯೂ ನನಗಿಂತ ಮೊದಲೇ ಕಾಣುತ್ತದೆ. ಆದರೂ ಗಿರಾಕಿ ಕೂಡಿಸಿಕೊಂಡು ಹೊರಟಾಗ, ನಾನು ಹಿಂದಿನಿಂದ ಹೇಳುವವರೆಗೆ ಹುಟ್ಟು ತಿರುಗಿಸುವುದಿಲ್ಲ.