ದೊಡ್ಡವ್ವನ ಶ್ರುತಿಗೆ ಇಳಿದ ಪಿಟೀಲು

ಪಾಲಾರಿವಟ್ಟಂನಲ್ಲಿ ಮೆಟ್ರೊ ಹತ್ತಿ ಎರ್ನಾಕುಳಂ ರೈಲು ನಿಲ್ದಾಣಕ್ಕೆ ಬಂದಾಗ ಬೆಳಗಿನ ಮಳೆ ನಿಂತಿತ್ತು. ಜೊತೆಗಿದ್ದವಳು ನನ್ನ ದೊಡ್ಡವ್ವ ರತ್ನವ್ವ. ಗದಗಿನಿಂದ ಕೊಚ್ಚಿಯ ನಮ್ಮ ಮನೆಗೆ ಬಂದಿದ್ದವಳನ್ನು ತಿರುವನಂತಪುರದ ಮೊಮ್ಮಗಳ ಬಳಿಗೆ ಕರೆದೊಯ್ಯಲು ಬ್ಯಾಂಕಿಗೆ ರಜೆ ಹಾಕಿದ್ದೆ.

ದೊಡ್ಡವ್ವನ ಮಗ ಪ್ರಕಾಶಣ್ಣ ಅಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿದ್ದ. ಆ ಊರಿನವಳೇ ಆದ ಸಿಂಧುವನ್ನು ಮದುವೆಯಾಗಿದ್ದ. ಹೋದ ಬೇಸಿಗೆಯಲ್ಲಿ ಎದೆನೋವು ಬಂದು ತೀರಿಕೊಂಡ. ಹದಿನಾಲ್ಕರ ಮಗಳು ಅಮೃತಾಳಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಮಾತ್ರ ಮಲಯಾಳ. ಅಪ್ಪ ಹೋದ ಮೇಲೆ ಅವಳು ಅತ್ತದ್ದನ್ನು ಯಾರೂ ಕಂಡಿರಲಿಲ್ಲ.

"ಫೋನ್ ಮಾಡಿದ್ರ ಕುಳಪ್ಪಮಿಲ್ಲ ಅಂದು ಇಟ್ಟಬಿಡ್ತಾಳ. ಹಂಗಂದ್ರ ಏನವಾ?" ರೈಲಿನಲ್ಲಿ ದೊಡ್ಡವ್ವ ಕೇಳಿದಳು.

"ಏನೂ ತೊಂದ್ರಿ ಇಲ್ಲ ಅಂತ."

"ಅಪ್ಪ ಇಲ್ಲದ ಕೂಸಿಗೆ ತೊಂದ್ರಿ ಇಲ್ಲಾ?" ಎಂದವಳು ಕಿಟಕಿಯತ್ತ ತಿರುಗಿದಳು.

ಸುಮಾರು ಇನ್ನೂರು ಕಿಲೋಮೀಟರಿನ ದಾರಿ. ಆಲಪ್ಪುಳದ ಹಸಿರು ನೀರು ಹಿಂದೆ ಸರಿಯಿತು. ಬಿಸಿ ಬಾಳೆಹಣ್ಣಿನ ಬಜ್ಜಿ ಕೊಡಿಸಿದೆ. ಅರ್ಧ ತಿಂದು ಇಟ್ಟಳು. ಮೊಮ್ಮಗಳಿಗೆ ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ತುಟಿಯಲ್ಲೇ ಜೋಡಿಸುತ್ತಿದ್ದಳು.

ತಿರುವನಂತಪುರದ ಪಟ್ಟಂ ಬಡಾವಣೆಯ ಮನೆಯಲ್ಲಿ ಅಮೃತಾ ಕಾಲಿಗೆರಗಿದಳು. ದೊಡ್ಡವ್ವ ಅವಳ ಗಲ್ಲ ಹಿಡಿದುಕೊಂಡಳೇ ಹೊರತು, ಜೋಡಿಸಿದ್ದ ಒಂದು ಮಾತೂ ಹೊರಬರಲಿಲ್ಲ. ಹುಡುಗಿ "ಸುಖಮಾಣ್, ಅಜ್ಜಿ," ಚೆನ್ನಾಗಿದ್ದೀನಿ, ಎಂದು ಕೋಣೆಗೆ ಹೋದಳು.

ಸಂಜೆ ಪಿಟೀಲಿನ ದನಿ ಕೇಳಿಸಿತು. "ದಿನಾ ಬಾರಸ್ತಾಳ. ಅದೊಂದ ಬಿಟ್ಟಿಲ್ಲ," ಎಂದಳು ಸಿಂಧು. ಗಂಡನಿಂದ ಕಲಿತ ಅವಳ ಕನ್ನಡವೂ ಗದಗಿನದೇ.

ದೊಡ್ಡವ್ವ ಎದ್ದುಹೋಗಿ ಮೊಮ್ಮಗಳ ಎದುರು ಕುಳಿತಳು. ಊರಿನಲ್ಲಿ ಭಜನೆ ಹಾಡುತ್ತಿದ್ದವಳು, ಮಗ ಹೋದ ಮೇಲೆ ಬಾಯಿ ತೆರೆದಿರಲಿಲ್ಲ. ಕಣ್ಣು ಮುಚ್ಚಿ ಕೇಳುತ್ತಿದ್ದಂತೆ ಅವಳ ಗಂಟಲಿನಿಂದ ಒಂದು "ಆ" ಹೊರಟಿತು. ಒಡಕು ದನಿ, ಪಿಟೀಲಿಗಿಂತ ಎಷ್ಟೋ ಕೆಳಗೆ. ಎರಡೂ ತಾಕಿ ಕರ್ಕಶವಾಯಿತು. ನನಗೇ ಮುಜುಗರವಾಯಿತು.

ಅಮೃತಾ ಕಮಾನು ನಿಲ್ಲಿಸಿದಳು. ಅಜ್ಜಿಯ ಮುಖವನ್ನೇ ನೋಡಿದಳು. ಆಮೇಲೆ ಬಿರಡೆ ತಿರುಗಿಸಿ, ಕಿವಿಗೊಟ್ಟು, ಒಂದೊಂದೇ ತಂತಿಯನ್ನು ಸಡಿಲಿಸುತ್ತ ಬಂದಳು. ಪಿಟೀಲು ಇಳಿದಿಳಿದು ಆ ಒಡಕು ದನಿಯ ಪಕ್ಕಕ್ಕೆ ಬಂದು ನಿಂತಿತು.

ಮತ್ತೆ ಕಮಾನು ಎಳೆದಳು. ಅದು ಯಾವ ಹಾಡೂ ಅಲ್ಲ, ಅದರಲ್ಲಿ ಅಕ್ಷರವೇ ಇರಲಿಲ್ಲ. ದೊಡ್ಡವ್ವನ ದನಿ ಮೇಲೇರಲು ಹೋಗಿ ಮುರಿದಲ್ಲಿ ಪಿಟೀಲು ಕಾದು ನಿಲ್ಲುತ್ತಿತ್ತು. ಅವಳು ಬಂದು ಸೇರಿದ ಮೇಲೆಯೇ ಮುಂದೆ ಹೋಗುತ್ತಿತ್ತು. ಸಂಗೀತ ಕಛೇರಿಗಳನ್ನು ಎಷ್ಟೋ ಕೇಳಿದ್ದೇನೆ. ಹೀಗೆ ಮೈ ಜುಮ್ಮೆಂದದ್ದಿಲ್ಲ. ಪ್ರಕಾಶಣ್ಣ ಸತ್ತ ದಿನದಿಂದ ನಾವೆಲ್ಲ ಆಡಿದ್ದ ಸಮಾಧಾನದ ಮಾತುಗಳು ಎಷ್ಟು ಸಣ್ಣವು ಅನ್ನಿಸಿತು. ಹುಡುಗಿಯ ಕೆನ್ನೆ ತೋಯ್ದಿದ್ದನ್ನು ನಾನು ಕಂಡದ್ದು ತಡವಾಗಿ. ಅಳುತ್ತಲೇ ನುಡಿಸುತ್ತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ಸಿಂಧು ಸೌಟು ಹಿಡಿದಂತೆಯೇ ಕುಸಿದು ಕುಳಿತಳು.

ಕೊನೆಗೆ ಅಮೃತಾ ಅಜ್ಜಿಯ ಮಡಿಲಲ್ಲಿ ತಲೆಯಿಟ್ಟು, "ಅಜ್ಜೀ, ಅಚ್ಛನ್..." ಎಂದಳು. ಅಪ್ಪ ಎಂಬ ಆ ಒಂದು ಪದದಿಂದ ಮುಂದೆ ಹೋಗಲಾಗಲಿಲ್ಲ.

"ಹೂಂ ನನ್ನವ್ವ. ತಿಳೀತು," ಎಂದಳು ದೊಡ್ಡವ್ವ.

ಮರುದಿನ ನಾನು ಚೀಲ ಕಟ್ಟಿದರೆ, ನನ್ನೊಡನೆ ಮರಳಬೇಕಿದ್ದ ದೊಡ್ಡವ್ವ ಏಳಲೇ ಇಲ್ಲ. "ನೀ ಹೋಗವಾ. ನಾ ಇಲ್ಲೇ ಇರ್ತೀನಿ."

ಕೆಳಗೆ ಆಟೊ ಹತ್ತಿದಾಗ ಮೇಲಿನ ಕಿಟಕಿಯಿಂದ ಎರಡು ದನಿಗಳು ಹೊರಟವು.

"ಆರಾ ಪಾಡುನ್ನದ್?" ಯಾರು ಹಾಡ್ತಿರೋದು ಎಂದು ಚಾಲಕ ಕೇಳಿದ.

"ಅಮ್ಮೂಮ್ಮಯುಂ ಮೋಳುಂ," ಅಜ್ಜಿ ಮತ್ತು ಮಗು, ಎಂದೆ.

ಅವನು ಕತ್ತೆತ್ತಿ ಕಿಟಕಿ ನೋಡಿದ. ಕೈ ಚಾಚಿ, ಸದ್ದು ಮಾಡುತ್ತಿದ್ದ ಇಂಜಿನ್ ಆರಿಸಿದ.