ಕುರುಗೋಡಿನ ಹೆಡ್‌ಮಾಸ್ತರರ ಮೂಗರ್ಜಿ

ಕುರುಗೋಡು ಮಿಡ್ಲ್ ಸ್ಕೂಲಿನ ಹೆಡ್‌ಮಾಸ್ತರ್ ಉಜ್ಜಿನಪ್ಪನವರಿಗೆ ಹನ್ನೊಂದು ವರ್ಷ ಯಾರ ಮೇಲೂ ಹೊಟ್ಟೆಕಿಚ್ಚು ಬಂದಿರಲಿಲ್ಲ. ಅವರನ್ನು ಮೀರಿಸಿದವರೇ ಇರಲಿಲ್ಲ. ೧೯೫೧ರ ಜೂನಿನಲ್ಲಿ, ಬಳ್ಳಾರಿಯ ಸಭೆಯಲ್ಲಿ, ಇನ್‌ಸ್ಪೆಕ್ಟರು ಎಲ್ಲರೆದುರು ಓದಿದರು: ಕುರುಗೋಡಿನಲ್ಲಿ ಮಕ್ಕಳು ಎಂಬತ್ತೆಂಟು, ಎಂಟನೇ ತರಗತಿಯ ಹದಿನಾಲ್ವರಲ್ಲಿ ಪಾಸಾದವರು ಒಂಬತ್ತು. ಸಿರುಗುಪ್ಪದಲ್ಲಿ ನೂರಾ ಅರವತ್ತೆರಡು, ಇಪ್ಪತ್ತಾರರಲ್ಲಿ ಇಪ್ಪತ್ತಮೂರು ಪಾಸು.

ಸಿರುಗುಪ್ಪದ ಹೆಡ್‌ಮಾಸ್ತರ್ ಮಾರೆಣ್ಣ ಹಿಂದಿನ ಬೆಂಚಿನಿಂದೆದ್ದು ಕೈಮುಗಿದರು. ಇಬ್ಬರೂ ಒಟ್ಟಿಗೆ ಕಲಿತ ಟ್ರೈನಿಂಗ್ ಸ್ಕೂಲಿನಲ್ಲಿ, ಕೇರಿಯವರೆಂದು ಊಟಕ್ಕೆ ಬೇರೆ ಕೂರಿಸುತ್ತಿದ್ದದ್ದು ಇವರನ್ನೇ. ಉಜ್ಜಿನಪ್ಪನವರಿಗೆ ಚಪ್ಪಾಳೆ ತಟ್ಟಲು ಕೈ ಏಳಲಿಲ್ಲ.

"ಅಷ್ಟು ಮಕ್ಳು ಎಲ್ಲಿಂದ ಬರ್ತಾವ? ಸುಳ್ಳು ಹೆಸರು ಬರದಿರ್ತಾನ" ಎಂದು ಮನೆಯಲ್ಲಿ ಸಿಡುಕಿದರು.

"ನೀವು ನೋಡಿ ಬಂದೀರೇನು?" ಎಂದಳು ಹೆಂಡತಿ ಚನ್ನವೀರಮ್ಮ.

"ನೋಡೋದೇನೈತಿ!"

ಸಿರುಗುಪ್ಪದ ಪಟ್ಟಿಯಲ್ಲಿ ಸುಳ್ಳು ಹೆಸರುಗಳಿವೆ ಎಂದು ಉಜ್ಜಿನಪ್ಪನವರು, ಅಕ್ಷರದ ಗುರುತು ಸಿಗಬಾರದೆಂದು ಎಡಗೈಯಲ್ಲಿ ಬರೆದು, ಸಹಿಯಿಲ್ಲದ ಅರ್ಜಿಯನ್ನು ಇನ್‌ಸ್ಪೆಕ್ಟರಿಗೆ ಅಂಚೆಗೆ ಹಾಕಿದರು.

ತಿಂಗಳೊಳಗೆ ಇನ್‌ಸ್ಪೆಕ್ಟರು ಕುರುಗೋಡಿಗೇ ಬಂದಿಳಿದರು. "ಸಿರುಗುಪ್ಪದ ಮ್ಯಾಲೆ ಮೂಗರ್ಜಿ ಬಂದೈತಿ. ತಲಿ ಎಣಿಸಾಕ ನಂಬಿಗಸ್ತರು ಬೇಕು, ನೀವ ಬರ್ರಿ."

ಸಿರುಗುಪ್ಪದ ಶಾಲೆಯಂಗಳದಲ್ಲಿ ಉಜ್ಜಿನಪ್ಪನವರು ಸಾಲು ಹಿಡಿದು ಎಣಿಸಿದರು. ತಪ್ಪಿತೇನೋ ಎಂದು ಮತ್ತೆ ಎಣಿಸಿದರು. ನೂರಾ ಅರವತ್ತನಾಲ್ಕು! ಪಟ್ಟಿಗಿಂತ ಎರಡು ಹೆಚ್ಚೇ.

"ಆ ಇಬ್ರು ಹುಡುಗೇರು ರಾರಾವಿ ಹಳ್ಳಿಯವ್ರಿ" ಎಂದರು ಮಾರೆಣ್ಣ. "ಐತಾರ ರಜಾದಾಗ ನಡಕೊಂಡು ಹೋಗಿ ಮನಿಯವರನ್ನ ಒಪ್ಪಿಸಿ ಬಂದೆ. ಹೆಸರು ಇವತ್ತು ಹಚ್ಚಬೇಕು."

ಇನ್‌ಸ್ಪೆಕ್ಟರು ಒಳಗೆ ಹೋದಾಗ ಮಾರೆಣ್ಣ ಉಜ್ಜಿನಪ್ಪನವರ ಬಳಿ ಬಂದರು. "ಯಾರೋ ನನ್ನ ಮ್ಯಾಲೆ ಬರದಾರಂತ್ರಿ. ರಾತ್ರಿಯೆಲ್ಲ ನಿದ್ದಿ ಇಲ್ಲ. ಎಣಿಸಾಕ ನೀವು ಬಂದದ್ದು ನೋಡಿ ಧೈರ್ಯ ಬಂತು."

ಉಜ್ಜಿನಪ್ಪನವರು ಅರ್ಜಿ ಬರೆದ ಎಡಗೈಯನ್ನು ಬೆನ್ನ ಹಿಂದೆ ಮರೆಮಾಡಿದರು.

ಮುಂದಿನ ಭಾನುವಾರ ಅವರು ಕುರುಗೋಡಿನ ಕೇರಿಗೆ ಹೋದರು. ಹಿಂದೆಂದೂ ಕಾಲಿಟ್ಟಿರಲಿಲ್ಲ. ಹೊಸ್ತಿಲಲ್ಲಿ ಅಕ್ಕಿ ಆರಿಸುತ್ತಿದ್ದ ಜೋಗಮ್ಮ ಮಗಳನ್ನು ಶಾಲೆಗೆ ಕಳಿಸಲು ಒಪ್ಪಿದಳು, ಆದರೆ ಕೇಳಿಯೇಬಿಟ್ಟಳು: "ಇಷ್ಟು ವರ್ಷ ಎಲ್ಲಿದ್ರಿ ಮಾಸ್ತರ್ರ?"

ಎರಡು ವರ್ಷದಲ್ಲಿ ಕುರುಗೋಡಿನ ಮಕ್ಕಳು ನೂರಾ ಮೂವತ್ತಾದರು. ಅಷ್ಟರಲ್ಲಿ ಸಿರುಗುಪ್ಪ ಇನ್ನೂರು ದಾಟಿತ್ತು. ಆ ಸುದ್ದಿ ಕೇಳಿದ ದಿನ ಉಜ್ಜಿನಪ್ಪನವರಿಗೆ ಊಟ ರುಚಿಸಲಿಲ್ಲ. ಚನ್ನವೀರಮ್ಮ ಮಜ್ಜಿಗೆ ತಂದಿಟ್ಟರೆ, "ಅವನು ರಾರಾವಿ ತನಕ ನಡೀತಾನಂದ್ರ ನಾನು ಮಕ್ಳನ್ನ ಕರಿಯಾಕ ಕುಡತಿನಿ ತನಕ ನಡೀತೀನಿ" ಎನ್ನುತ್ತಾ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.